ಡ್ಯೂಕ್ 61, ಬಟ್ಲರ್ 59: 2010ರ ಫೈನಲ್ ಕೈತಪ್ಪಿದ್ದು ಅರ್ಧಗೆರೆಯ ಎಸೆತದಲ್ಲಲ್ಲ

(ಒಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಬೇಸ್‌ಲೈನ್

2010ರ ಏಪ್ರಿಲ್ 5ರಂದು ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ ನಡೆದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಪುರುಷರ ಬ್ಯಾಸ್ಕೆಟ್‌ಬಾಲ್ ಫೈನಲ್‌ನ ಕೊನೆಯ ಹತ್ತು ನಿಮಿಷಗಳನ್ನು ಈ ವಾರ ಮೂರು ಸಲ ನೋಡಿದೆ. ನೋಡಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಿದೆ. ಅದನ್ನು ಇಲ್ಲಿ ಇಡುತ್ತೇನೆ, ಒಪ್ಪದವರು ವಾದಿಸಿ.

ಈ ಪಂದ್ಯದ ಹೆಸರೆತ್ತಿದರೆ ಸಾಕು, ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಬಟ್ಲರ್‌ನ ಗಾರ್ಡನ್ ಹೇವರ್ಡ್ ಅಂಕಣದ ನಡುವಿನ ಅರ್ಧಗೆರೆಯ ಬಳಿಯಿಂದ ಓಡುತ್ತಲೇ ಎಸೆದ ಚೆಂಡು, ಹಲಗೆಗೆ ಬಡಿದು, ರಿಂಗ್‌ಗೆ ತಾಗಿ, ಹೊರಗೆ. ಅದು ಬಿದ್ದಿದ್ದರೆ ಬಟ್ಲರ್ 62–61ರಿಂದ ಚಾಂಪಿಯನ್. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಇತಿಹಾಸದಲ್ಲಿ ಅಂಥ ಮುಕ್ತಾಯ ಇನ್ನೊಂದು ಇರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಆ ಎಸೆತ ಅದೃಷ್ಟದ ಕೈಯಲ್ಲಿತ್ತು. ಪಂದ್ಯ ಹೇವರ್ಡ್‌ನ ಕೈಯಲ್ಲೇ ಇದ್ದದ್ದು ಅದಕ್ಕೆ ಕೆಲವೇ ಸೆಕೆಂಡ್ ಮೊದಲು. ಡ್ಯೂಕ್ 60, ಬಟ್ಲರ್ 59. ಗಡಿಯಾರದಲ್ಲಿ 33.7 ಸೆಕೆಂಡ್ ಉಳಿದಿರುವಾಗ ಚೆಂಡು ಬಟ್ಲರ್‌ಗೆ ಬಂತು. ಆಗ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಎಸೆಯಲೇಬೇಕಾದ ಗಡುವು, 35 ಸೆಕೆಂಡ್. ಅಂದರೆ ಶಾಟ್ ಕ್ಲಾಕ್‌ನ ಹಂಗೇ ಇಲ್ಲ, ಪಂದ್ಯದ ಕೊನೆಯ ಎಸೆತ ಬಟ್ಲರ್‌ನದೇ. ಯಾವುದೇ ತರಬೇತುದಾರ ಇದಕ್ಕಿಂತ ಹೆಚ್ಚೇನು ಕೇಳುತ್ತಾನೆ?

ಆ ಅವಕಾಶ ಕೊನೆಗೊಂಡದ್ದು ಹೀಗೆ: ಹೇವರ್ಡ್ ಡ್ಯೂಕ್‌ನ ಕೈಲ್ ಸಿಂಗ್ಲರ್‌ನನ್ನು ದಾಟಿ ರಿಂಗ್ ಹಿಂದಿನ ಅಂಚುಗೆರೆಯಾದ ಬೇಸ್‌ಲೈನ್ ಕಡೆಗೆ ನುಗ್ಗಿದ. ಏಳು ಅಡಿ ಒಂದು ಅಂಗುಲ ಎತ್ತರದ ಡ್ಯೂಕ್ ಆಟಗಾರ ಬ್ರಯಾನ್ ಜೂಬೆಕ್ ಅಡ್ಡ ಬಂದ. ಹೇವರ್ಡ್ ಹಿಂದಕ್ಕೆ ವಾಲಿ ಎಸೆದ. ಚೆಂಡು ಬೀಳಲಿಲ್ಲ. ರೀಬೌಂಡ್, ಅಂದರೆ ತಪ್ಪಿ ಪುಟಿದ ಚೆಂಡು, ಜೂಬೆಕ್‌ಗೇ ಸಿಕ್ಕಿತು. ಅವನ ಮೇಲೆ ಫೌಲ್ ಆಯಿತು, ಗಡಿಯಾರ 3.6 ಸೆಕೆಂಡ್‌ನಲ್ಲಿ ನಿಂತಿತು.

ಫೈನಲ್ ಸೋತದ್ದು ಅಲ್ಲಿ. ಅರ್ಧಗೆರೆಯ ಎಸೆತ ಎಷ್ಟು ಸುಂದರವಾಗಿತ್ತೆಂದರೆ ಅದರ ನೆರಳಿನಲ್ಲಿ ಈ ಎಸೆತವನ್ನು ನಾವೆಲ್ಲ ಮರೆತುಬಿಟ್ಟಿದ್ದೇವೆ.

ಡರ್ಹಮ್‌ನ ನೀಲಿ

ನಾನು ಡ್ಯೂಕ್ ಅಭಿಮಾನಿ, ಮೊದಲೇ ಹೇಳಿಬಿಡುತ್ತೇನೆ. ನೀವು ‘ಬಟ್ಲರ್ ಸೋತದ್ದು’ ಎಂದು ಬರೆದಿದ್ದೀರಿ. ನಾನು ಅದನ್ನು ‘ಜೂಬೆಕ್ ಗೆಲ್ಲಿಸಿದ್ದು’ ಎಂದು ಓದುತ್ತೇನೆ.

ಆ ಹುಡುಗನ ಕತೆ ಗೊತ್ತಿಲ್ಲದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಾದದ ಶಸ್ತ್ರಚಿಕಿತ್ಸೆಗಳಿಂದ ಅವನ ಕಾಲೇಜು ವರ್ಷಗಳಲ್ಲಿ ಬಹುಪಾಲು ಹಾಳಾಗಿಹೋಗಿತ್ತು. ನಾಲ್ಕನೆಯ ವರ್ಷದಲ್ಲೂ ಫೆಬ್ರವರಿ ಮಧ್ಯದವರೆಗೆ ಅವನು ಆರಂಭದ ಐವರಲ್ಲಿ ಖಾಯಂ ಆಟಗಾರನಾಗಿರಲಿಲ್ಲ. ಮೇರಿಲ್ಯಾಂಡ್ ವಿರುದ್ಧ ಅವಕಾಶ ಸಿಕ್ಕಾಗ 16 ಅಂಕ, 17 ರೀಬೌಂಡ್. ಅಲ್ಲಿಂದ ಆ ತಂಡದ ಸ್ವರೂಪವೇ ಬದಲಾಯಿತು. ಸಿಂಗ್ಲರ್, ಜಾನ್ ಶೈಯರ್, ನೋಲನ್ ಸ್ಮಿತ್ ಹೊರಗಿನಿಂದ ಎಸೆಯುತ್ತಿದ್ದರು. ತಪ್ಪಿದ ಚೆಂಡನ್ನು ಜೂಬೆಕ್ ಹಿಡಿದು ಮತ್ತೆ ಅವರ ಕೈಗೇ ಕೊಡುತ್ತಿದ್ದ. ಫೈನಲ್‌ನಲ್ಲಿ ಅವನದು 8 ಅಂಕ, 10 ರೀಬೌಂಡ್. ಸಿಂಗ್ಲರ್ 19 ಅಂಕ, 9 ರೀಬೌಂಡ್ ಪಡೆದು ಟೂರ್ನಿಯ ಶ್ರೇಷ್ಠ ಆಟಗಾರನಾದ, ಅದು ನ್ಯಾಯವೇ. ಆದರೆ ಆ ಕೊನೆಯ ರಕ್ಷಣೆಯಲ್ಲಿ ಜೂಬೆಕ್‌ನ ಕೈಗಳನ್ನು ಗಮನಿಸಿ. ಅವನು ಚೆಂಡಿಗೆ ಹೊಡೆಯಲು ಹೋಗುವುದಿಲ್ಲ. ಎರಡೂ ಕೈ ನೇರ ಮೇಲಕ್ಕೆ, ದೇಹ ನೆಟ್ಟಗೆ. ಫೌಲ್ ಕೊಡಲು ರೆಫರಿಗೆ ಏನನ್ನೂ ಬಿಟ್ಟುಕೊಡಲಿಲ್ಲ. ಒಂದೇ ಅಂಕದ ಮುನ್ನಡೆ ಇದೆ, ಎದುರಿಗೆ ಆ ರಾತ್ರಿ ಒಂದೂ ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಎಸೆತ) ತಪ್ಪದ ಆಟಗಾರ ಇದ್ದಾನೆ ಎನ್ನುವಾಗ ಆ ಸಂಯಮ ಸಣ್ಣ ಮಾತಲ್ಲ.

ಬೇಸ್‌ಲೈನ್

ಇದು ನನ್ನ ವಾದವನ್ನೇ ಬಲಪಡಿಸುತ್ತದೆ. ಹೇವರ್ಡ್ ಆ ರಾತ್ರಿ ಫ್ರೀ ಥ್ರೋನಲ್ಲಿ 8ಕ್ಕೆ 8. ಆಟದೊಳಗಿನ ಎಸೆತಗಳಲ್ಲಿ 11ಕ್ಕೆ 2. ಮೊದಲ ಅಂಕಿ ‘ಒಳಗೆ ನುಗ್ಗು, ಫೌಲ್ ಪಡೆ’ ಎನ್ನುತ್ತದೆ. ಎರಡನೆಯದು ‘ದೂರದಿಂದ ಎಸೆಯಬೇಡ’ ಎನ್ನುತ್ತದೆ. ಅವನು ವಾಲಿ ಎಸೆದ.

ಅವನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವನಿಗೆ 20 ತುಂಬಿ ಎರಡು ವಾರ ಕೂಡ ಆಗಿರಲಿಲ್ಲ.

ಹೊಸ ವೀಕ್ಷಕಿ

ನಾನು ಈ ಆಟವನ್ನು ನೋಡಲು ಶುರುಮಾಡಿ ಎರಡು ವರ್ಷವಾಯಿತು ಅಷ್ಟೇ. ಒಂದು ಸಂಗತಿ ಅರ್ಥವಾಗಲಿಲ್ಲ. ಜೂಬೆಕ್ ಮೊದಲ ಫ್ರೀ ಥ್ರೋ ಹಾಕಿದ, 61–59 ಆಯಿತು. ಎರಡನೆಯದನ್ನು ಬೇಕೆಂದೇ ತಪ್ಪಿಸಿದ ಎಂದು ಎಲ್ಲೆಡೆ ಬರೆದಿದ್ದಾರೆ. ಹಾಕಿದ್ದರೆ ಮೂರು ಅಂಕಗಳ ಮುನ್ನಡೆ ಇರುತ್ತಿತ್ತಲ್ಲವೇ? ಆಗ ಹೇವರ್ಡ್‌ನ ಆ ಎಸೆತ ಬಿದ್ದಿದ್ದರೂ ಪಂದ್ಯ ಸಮವಾಗುತ್ತಿತ್ತು, ಅಷ್ಟೇ. ಬೇಕೆಂದೇ ತಪ್ಪಿಸಿ ಸೋಲಿನ ಬಾಗಿಲನ್ನು ತಾವೇ ತೆರೆದಂತಾಯಿತಲ್ಲ?

ಸೀಟಿ

ಒಳ್ಳೆಯ ಪ್ರಶ್ನೆ. ಹಲವು ವರ್ಷ ಕಾಲೇಜು ಪಂದ್ಯಗಳಲ್ಲಿ ರೆಫರಿಯಾಗಿ ಓಡಿದವನು ನಾನು, ನಿಯಮದ ಕಡೆಯಿಂದ ಹೇಳುತ್ತೇನೆ.

ಫ್ರೀ ಥ್ರೋ ಬಿದ್ದರೆ ಆಟ ನಿಲ್ಲುತ್ತದೆ. ಎದುರಾಳಿ ಬೇಸ್‌ಲೈನ್ ಹಿಂದೆ ನಿಂತು, ಬೇಕಾದರೆ ಆ ಗೆರೆಯುದ್ದಕ್ಕೂ ಓಡಿ, ಅಂಕಣದ ಇನ್ನೊಂದು ತುದಿಗೆ ಉದ್ದನೆಯ ಪಾಸ್ ಎಸೆಯಬಹುದು. ಒಳಗಿರುವ ಯಾರಾದರೂ ಚೆಂಡನ್ನು ಮುಟ್ಟುವವರೆಗೆ ಗಡಿಯಾರ ಓಡುವುದಿಲ್ಲ. ಅಂದರೆ 3.6 ಸೆಕೆಂಡೂ ರಿಂಗ್‌ನ ಹತ್ತಿರವೇ ಬಳಕೆಗೆ ಸಿಗುತ್ತದೆ. ಫ್ರೀ ಥ್ರೋ ತಪ್ಪಿದರೆ ಆಟ ಮುಂದುವರಿಯುತ್ತದೆ. ರೀಬೌಂಡ್‌ಗೆ ಕೈ ತಾಗಿದ ಕ್ಷಣದಿಂದಲೇ ಗಡಿಯಾರ ಶುರು, ಅದೂ ತಮ್ಮದೇ ರಿಂಗ್ ಅಡಿಯಿಂದ. ಗುರಿ 94 ಅಡಿಯ ಅಂಕಣದ ಆಚೆ ತುದಿಯಲ್ಲಿ.

ಇನ್ನೊಂದು ಸೂಕ್ಷ್ಮವಿದೆ. ಬೇಕೆಂದು ತಪ್ಪಿಸುವಾಗ ಚೆಂಡು ರಿಂಗ್‌ಗೆ ತಾಗಲೇಬೇಕು. ತಾಗದಿದ್ದರೆ ಅದು ನಿಯಮಭಂಗ. ಚೆಂಡು ಎದುರಾಳಿಗೆ ಹೋಗುತ್ತದೆ, ಗಡಿಯಾರವೂ ಕದಲಿರುವುದಿಲ್ಲ. ಎಪ್ಪತ್ತು ಸಾವಿರ ಜನರ ಗದ್ದಲದ ನಡುವೆ ಸರಿಯಾಗಿ ತಪ್ಪಿಸುವುದೂ ಒಂದು ಕೌಶಲವೇ.

ಡರ್ಹಮ್‌ನ ನೀಲಿ

ಅದರ ಜೊತೆಗೆ ಬಟ್ಲರ್ ಬಳಿ ಟೈಮ್‌ಔಟ್ ಒಂದೂ ಉಳಿದಿರಲಿಲ್ಲ. ಡ್ಯೂಕ್ ಕೋಚ್ ಮೈಕ್ ಶಶೆಫ್‌ಸ್ಕಿ ಮಾಡಿದ ಲೆಕ್ಕದ ಅಡಿಪಾಯವೇ ಅದು. ರೀಬೌಂಡ್ ಹಿಡಿದು ಗಡಿಯಾರ ನಿಲ್ಲಿಸಿ ಯೋಚಿಸುವ ದಾರಿಯೇ ಇರಲಿಲ್ಲ. ಟೈಮ್‌ಔಟ್ ಇಲ್ಲದಾಗ ಕೇಳಿದರೆ ಏನಾಗುತ್ತದೆ ಎನ್ನುವುದನ್ನು 1993ರ ಫೈನಲ್ ತೋರಿಸಿದೆ. ನಾರ್ತ್ ಕೆರೊಲಿನಾ 73, ಮಿಷಿಗನ್ 71 ಇದ್ದಾಗ ಮಿಷಿಗನ್‌ನ ಕ್ರಿಸ್ ವೆಬರ್ ಇಲ್ಲದ ಟೈಮ್‌ಔಟ್ ಕೇಳಿದ. ಟೆಕ್ನಿಕಲ್ ಫೌಲ್ (ನಿಯಮ ಮೀರಿದ್ದಕ್ಕೆ ದಂಡ) ಆಯಿತು, ಪಂದ್ಯ 77–71ಕ್ಕೆ ಮುಗಿಯಿತು.

ಬೇಸ್‌ಲೈನ್ ಹಿಂದಿನಿಂದ ಬರುವ ಉದ್ದನೆಯ ಪಾಸ್ ಏನು ಮಾಡಬಲ್ಲುದು ಎಂಬುದನ್ನು ಶಶೆಫ್‌ಸ್ಕಿಗೆ ಯಾರೂ ಕಲಿಸಬೇಕಾಗಿರಲಿಲ್ಲ. 1992ರಲ್ಲಿ ಕೆಂಟಕಿ ವಿರುದ್ಧ 2.1 ಸೆಕೆಂಡ್ ಇರುವಾಗ ಗ್ರಾಂಟ್ ಹಿಲ್ ಅಂಕಣದುದ್ದಕ್ಕೂ ಎಸೆದ ಚೆಂಡನ್ನು ಕ್ರಿಶ್ಚಿಯನ್ ಲೇಟ್ನರ್ ಹಿಡಿದು, ತಿರುಗಿ, ಹಾಕಿ 104–103ರಿಂದ ಗೆಲ್ಲಿಸಿದ್ದು ಅವರದೇ ತಂಡವನ್ನು. ತಾನು ಗೆದ್ದ ದಾರಿಯಲ್ಲಿ ಇನ್ನೊಬ್ಬರು ನಡೆದು ಬರುವುದನ್ನು ತಡೆಯಲು ಮೊದಲು ಹೊಳೆಯುವುದೂ ಆ ದಾರಿ ನಡೆದವನಿಗೇ.

ಗಣಿತದ ಮೇಷ್ಟ್ರು

ಭಾವನೆಯನ್ನು ಬದಿಗಿಟ್ಟು ಲೆಕ್ಕ ಹಾಕೋಣ. ಅಂಕಿಗಳು ನನ್ನ ಊಹೆ, ದಾಖಲೆಯಲ್ಲ. ಮುಖ್ಯವಾದದ್ದು ಲೆಕ್ಕದ ದಾರಿ.

ತಪ್ಪಿಸಿದರೆ ಎದುರಾಳಿಗೆ ಸಿಗುವುದು ಓಟದಲ್ಲಿ ಒಂದು ದೂರದ ಎಸೆತ. ಅದು ನೂರಕ್ಕೆ ಮೂರು ಸಲ ಬೀಳುತ್ತದೆ ಎಂದಿಟ್ಟುಕೊಳ್ಳಿ. ಬಿದ್ದರೆ ಡ್ಯೂಕ್ ಸೋಲುತ್ತದೆ. ನಷ್ಟ ನೂರಕ್ಕೆ ಮೂರು.

ಹಾಕಿದರೆ ಮುನ್ನಡೆ ಮೂರು. ಎದುರಾಳಿಗೆ ಯೋಜಿಸಿದ ಪಾಸ್ ಸಿಗುತ್ತದೆ, ಹತ್ತಿರದಿಂದ ಮೂರು ಅಂಕದ ಎಸೆತ ಸಿಗಬಹುದು. ಅದು ನೂರಕ್ಕೆ ಹತ್ತು ಬೀಳುತ್ತದೆ ಎನ್ನಿ. ಬಿದ್ದರೆ ಹೆಚ್ಚುವರಿ ಅವಧಿ, ಅಲ್ಲಿ ಅರ್ಧ ಗೆಲುವು, ಅರ್ಧ ಸೋಲು. ನಷ್ಟ ನೂರಕ್ಕೆ ಐದು.

ಆದ್ದರಿಂದ ಪ್ರಶ್ನೆ ಇಷ್ಟೇ: ಯೋಜಿತ ಎಸೆತ ಬೀಳುವ ಸಾಧ್ಯತೆ, ಓಟದ ಎಸೆತದ ಸಾಧ್ಯತೆಯ ಎರಡು ಪಟ್ಟಿಗಿಂತ ಹೆಚ್ಚೇ? ಹೆಚ್ಚಾದರೆ ತಪ್ಪಿಸುವುದು ಸರಿ. ಕಡಿಮೆಯಾದರೆ ಹಾಕುವುದು ಸರಿ. ಮೂರು ಅಂಕ ಮುಂದಿದ್ದಾಗ ಎದುರಾಳಿ ಎಸೆಯುವ ಮುಂಚೆಯೇ ಫೌಲ್ ಮಾಡಿ ಎರಡೇ ಫ್ರೀ ಥ್ರೋ ಕೊಡುವ ದಾರಿಯೂ ಇದೆ. ಅದನ್ನು ಸೇರಿಸಿದರೆ ತಕ್ಕಡಿ ಮತ್ತೆ ಹಾಕುವ ಕಡೆಗೆ ವಾಲುತ್ತದೆ.

ನನ್ನ ತೀರ್ಮಾನ: ಹಾಕಬೇಕಿತ್ತು. ಒಂದೇ ಎಸೆತದಲ್ಲಿ ಪಂದ್ಯವನ್ನೇ ಕಳೆದುಕೊಳ್ಳುವ ಸಾಧ್ಯತೆಯನ್ನು ಯಾವ ತಂಡವೂ ತಾನಾಗಿ ಸೃಷ್ಟಿಸಿಕೊಳ್ಳಬಾರದು.

ಪಾಯಿಂಟ್ ಗಾರ್ಡ್

ಮೇಷ್ಟ್ರೇ, ಫೌಲ್ ಮಾಡುವ ದಾರಿ ಕಾಗದದ ಮೇಲೆ ಸುಲಭ. 2008ರ ಫೈನಲ್ ನೆನಪಿಸಿಕೊಳ್ಳಿ. ಎರಡು ನಿಮಿಷ ಚಿಲ್ಲರೆ ಇರುವಾಗ ಮೆಂಫಿಸ್ 60–51ರಿಂದ ಮುಂದಿತ್ತು. ಕೊನೆಗೆ ಫ್ರೀ ಥ್ರೋಗಳು ತಪ್ಪುತ್ತಾ ಬಂದು ಮುನ್ನಡೆ ಮೂರಕ್ಕಿಳಿಯಿತು. ಆ ಹೊತ್ತಿಗೆ ಫೌಲ್ ಮಾಡಲು ಆಗಲಿಲ್ಲ. 2.1 ಸೆಕೆಂಡ್ ಇರುವಾಗ ಕ್ಯಾನ್ಸಸ್‌ನ ಮಾರಿಯೊ ಚಾಮರ್ಸ್ ಮೂರು ಅಂಕದ ಎಸೆತ ಹಾಕಿ 63–63 ಮಾಡಿದ. ಹೆಚ್ಚುವರಿ ಅವಧಿಯಲ್ಲಿ ಕ್ಯಾನ್ಸಸ್ 75–68. ಆ ಐದು ನಿಮಿಷ ಅರ್ಧಕ್ಕರ್ಧ ಆಗಿರಲಿಲ್ಲ. ಕೈಗೆ ಬಂದ ತುತ್ತು ಜಾರಿದ ತಂಡ ಒಂದು ಕಡೆ, ಸತ್ತು ಬದುಕಿದ ತಂಡ ಇನ್ನೊಂದು ಕಡೆ. ಬಟ್ಲರ್ ಸಮ ಮಾಡಿಕೊಂಡಿದ್ದರೆ ಆ ಊರಿನಲ್ಲಿ, ಆ ಸದ್ದಿನಲ್ಲಿ, ಹೆಚ್ಚುವರಿ ಅವಧಿಯ ಲೆಕ್ಕವನ್ನು ನೀವು ಐವತ್ತು–ಐವತ್ತು ಎಂದು ಬರೆಯುತ್ತೀರಾ?

ಇನ್ನು ಯೋಜಿತ ಪಾಸ್‌ನ ಬಲ ನೋಡಬೇಕಾದರೆ 2016 ಸಾಕು. ನಾರ್ತ್ ಕೆರೊಲಿನಾದ ಮಾರ್ಕಸ್ ಪೇಜ್ ಗಾಳಿಯಲ್ಲೇ ಚೆಂಡನ್ನು ಇಳಿಸಿ ಮತ್ತೆ ಎತ್ತಿ ಮೂರು ಅಂಕ ಹಾಕಿ 74–74 ಮಾಡಿದಾಗ ಉಳಿದದ್ದು 4.7 ಸೆಕೆಂಡ್. ವಿಲ್ಲನೋವಾ ಟೈಮ್‌ಔಟ್ ತೆಗೆದುಕೊಂಡಿತು. ಬೇಸ್‌ಲೈನ್ ಹಿಂದಿನಿಂದ ಚೆಂಡು ಒಳಗೆ ಕೊಟ್ಟವನು ಕ್ರಿಸ್ ಜೆಂಕಿನ್ಸ್. ಪಾಸ್ ಕೊಟ್ಟವನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಅದೇ ಆ ಯೋಜನೆಯ ಗುಟ್ಟು. ರಯಾನ್ ಆರ್ಚಿಡಿಯಾಕೊನೊ ಚೆಂಡು ತೆಗೆದುಕೊಂಡು ಓಡಿದ, ರಕ್ಷಕರೆಲ್ಲ ಅವನ ಮೇಲೆ ಕಣ್ಣಿಟ್ಟರು. ಹಿಂದಿನಿಂದ ಓಡಿ ಬಂದ ಜೆಂಕಿನ್ಸ್‌ಗೆ ಮೆಲ್ಲಗೆ ಬಿಟ್ಟುಕೊಟ್ಟ. 77–74. 3.6ಕ್ಕೂ 4.7ಕ್ಕೂ ಅಂತರ ಒಂದು ಸೆಕೆಂಡ್ ಚಿಲ್ಲರೆ. ಆ ಒಂದು ಸೆಕೆಂಡೇ ಅರ್ಧಗೆರೆಯಿಂದ ಎಸೆಯುವುದಕ್ಕೂ, ಕಾಲೂರಿ ನಿಂತು ರಿಂಗ್ ನೋಡಿ ಎಸೆಯುವುದಕ್ಕೂ ಇರುವ ವ್ಯತ್ಯಾಸ.

ಗಣಿತದ ಮೇಷ್ಟ್ರು

2008ರ ಉದಾಹರಣೆಗೆ ತಲೆಬಾಗುತ್ತೇನೆ. 2016ರದ್ದನ್ನು ಒಪ್ಪುವುದಿಲ್ಲ, ಅಲ್ಲಿ ಟೈಮ್‌ಔಟ್ ಇತ್ತು. ಬಟ್ಲರ್‌ಗೆ ಇರಲಿಲ್ಲ.

ಪಾಯಿಂಟ್ ಗಾರ್ಡ್

ಫ್ರೀ ಥ್ರೋಗಳ ನಡುವೆ ತಂಡಕ್ಕೆ ಮಾತಾಡಿಕೊಳ್ಳಲು ಸಮಯ ಸಿಗುತ್ತದಲ್ಲ. ಒಂದು ಯೋಜನೆ ಹೇಳಿಕೊಡಲು ಅಷ್ಟು ಸಾಕು. ಅದನ್ನು ಹೇಳಿಕೊಡಬೇಕಾದವರು ಬಟ್ಲರ್ ಕೋಚ್ ಬ್ರಾಡ್ ಸ್ಟೀವನ್ಸ್ ಎಂಬುದನ್ನು ಮರೆಯಬೇಡಿ.

ಮೇಲಿನ ಗ್ಯಾಲರಿ

ಇಲ್ಲಿಯವರೆಗೆ ಓದುತ್ತಾ ಮಾತ್ರ ಇದ್ದೆ. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಓದುತ್ತಿದ್ದೆ, ಆ ರಾತ್ರಿ ಕ್ರೀಡಾಂಗಣದಲ್ಲಿದ್ದೆ. 70,930 ಜನರಲ್ಲಿ ಒಬ್ಬ.

ಅದು ಫುಟ್‌ಬಾಲ್ ಆಡುವ ಕ್ರೀಡಾಂಗಣ. ನಟ್ಟನಡುವೆ ಎತ್ತರದ ಜಗಲಿಯಂತೆ ಅಂಕಣ ಹಾಸಿದ್ದರು. ನನ್ನ ಜಾಗದಿಂದ ಆಟಗಾರರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಬಟ್ಲರ್‌ನ ಆವರಣ ಅಲ್ಲಿಂದ ಹತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ನಾಲ್ಕು ಸಾವಿರ ಚಿಲ್ಲರೆ ವಿದ್ಯಾರ್ಥಿಗಳ ಸಣ್ಣ ವಿಶ್ವವಿದ್ಯಾಲಯ, ಆಗ ಹರೈಜನ್ ಲೀಗ್‌ನ ತಂಡ, ಟೂರ್ನಿಯಲ್ಲಿ ಐದನೆಯ ಶ್ರೇಯಾಂಕ. ಒಂದನೆಯ ಶ್ರೇಯಾಂಕದ ಸಿರಾಕ್ಯೂಸ್ ಅನ್ನು 63–59, ಎರಡನೆಯ ಶ್ರೇಯಾಂಕದ ಕ್ಯಾನ್ಸಸ್ ಸ್ಟೇಟ್ ಅನ್ನು 63–56, ಸೆಮಿಫೈನಲ್‌ನಲ್ಲಿ ಮಿಷಿಗನ್ ಸ್ಟೇಟ್ ಅನ್ನು 52–50ರಿಂದ ಮಣಿಸಿ, ಸತತ 25 ಪಂದ್ಯ ಗೆದ್ದು ಅಲ್ಲಿ ನಿಂತಿತ್ತು. ಫೈನಲ್ ದಿನ ಬೆಳಿಗ್ಗೆ ಆಟಗಾರರು ತರಗತಿಗೆ ಹೋಗಿ ಕುಳಿತಿದ್ದರು. ಊರಿನವರು ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಹೆಮ್ಮೆಪಡುತ್ತಿದ್ದರು.

ಆ ನೆಲದಲ್ಲಿ ಇಂಥ ಕತೆಗೆ ಬೇರು ಆಳವಾಗಿದೆ. 1928ರಲ್ಲಿ ತೆರೆದ ಬಟ್ಲರ್‌ನದೇ ಕ್ರೀಡಾಂಗಣದಲ್ಲಿ, ಈಗ ಅದು ಹಿಂಕಲ್ ಫೀಲ್ಡ್‌ಹೌಸ್, 1954ರಲ್ಲಿ ಪುಟ್ಟ ಮೈಲನ್ ಊರಿನ ಶಾಲೆ ಮನ್ಸಿ ಸೆಂಟ್ರಲ್ ಅನ್ನು 32–30ರಿಂದ ಸೋಲಿಸಿ ರಾಜ್ಯ ಪ್ರಶಸ್ತಿ ಗೆದ್ದಿತ್ತು. ಕೊನೆಯ ಎಸೆತ ಬಾಬಿ ಪ್ಲಂಪ್‌ನದು. ಅವನು ಆಮೇಲೆ ಬಟ್ಲರ್‌ಗೇ ಆಡಿದ. ಐವತ್ತಾರು ವರ್ಷಗಳ ನಂತರವೂ ಆ ಊರಿನ ಮುದುಕರು ಆ ಎಸೆತದ ಕೈಯನ್ನು ಗಾಳಿಯಲ್ಲಿ ಮಾಡಿ ತೋರಿಸುತ್ತಿದ್ದರು, ನಾನೇ ನೋಡಿದ್ದೇನೆ. ಹೇವರ್ಡ್ ಕೂಡ ಪಕ್ಕದ ಬ್ರೌನ್ಸ್‌ಬರ್ಗ್‌ನವನು. 2008ರಲ್ಲಿ ಅವನ ಶಾಲೆ ರಾಜ್ಯ ಪ್ರಶಸ್ತಿ ಗೆದ್ದದ್ದು 40–39ರಿಂದ. ಕೊನೆಯ ಗಂಟೆಯ ಜೊತೆಗೇ ಬಿದ್ದ ಆ ಚೆಂಡು ಅವನದೇ. ಅದೂ ಇಂಡಿಯಾನಾಪೊಲಿಸ್‌ನಲ್ಲೇ.

ಆದ್ದರಿಂದ ಅವನ ಕೈಯಿಂದ ಅರ್ಧಗೆರೆಯ ಎಸೆತ ಹೊರಟಾಗ ನನ್ನ ಸುತ್ತಲಿನವರಿಗೆ ಅದು ಅದೃಷ್ಟದಾಟ ಎನ್ನಿಸಲಿಲ್ಲ. ಚೆಂಡು ಮೇಲಿರುವಷ್ಟು ಹೊತ್ತು ಒಂದು ವಿಚಿತ್ರ ಮೌನ. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದರೆ ಹೇಗಿರುತ್ತದೆ ಎಂಬುದು ಆವತ್ತು ಗೊತ್ತಾಯಿತು. ಚೆಂಡಿನ ಗತಿ ನೇರವಾಗಿತ್ತು. ಹಲಗೆಗೆ ಬಡಿಯಿತು. ನನ್ನ ಪಕ್ಕದಲ್ಲಿದ್ದ ಹೆಂಗಸಿನ ಎರಡೂ ಕೈ ಮೇಲೆದ್ದಾಗಿತ್ತು. ಚೆಂಡು ಹೊರಗೆ ಬಿದ್ದ ಮೇಲೂ ಅವರು ಕೈ ಇಳಿಸಲಿಲ್ಲ, ಸುಮ್ಮನೆ ಹಾಗೇ ನಿಂತಿದ್ದರು.

ಹೊಸ ವೀಕ್ಷಕಿ

ಇದನ್ನು ಓದಿ ಮತ್ತೆ ಆ ದೃಶ್ಯ ನೋಡಿದೆ. ಈ ಸಲ ಇನ್ನೊಂದು ಕಣ್ಣಿಗೆ ಬಿತ್ತು. ಎಸೆತಕ್ಕೆ ಸ್ವಲ್ಪ ಮೊದಲು ಬಟ್ಲರ್‌ನ ಒಬ್ಬ ಆಟಗಾರ ಸಿಂಗ್ಲರ್‌ಗೆ ಎಷ್ಟು ಜೋರಾಗಿ ಡಿಕ್ಕಿ ಕೊಡುತ್ತಾನೆಂದರೆ ಸಿಂಗ್ಲರ್ ನೆಲಕ್ಕೆ ಉರುಳುತ್ತಾನೆ. ಅದು ಫೌಲ್ ಅಲ್ಲವೇ?

ಸೀಟಿ

ಅವನು ಮ್ಯಾಟ್ ಹೊವಾರ್ಡ್. ಅವನು ಹಾಕಿದ್ದು ಸ್ಕ್ರೀನ್, ಅಂದರೆ ಜೊತೆಗಾರನಿಗಾಗಿ ರಕ್ಷಕನ ದಾರಿಗೆ ಅಡ್ಡ ನಿಲ್ಲುವುದು. ಸೆಮಿಫೈನಲ್‌ನಲ್ಲಿ ತಲೆಗೆ ಪೆಟ್ಟಾಗಿ, ಫೈನಲ್ ಆಡುತ್ತಾನೋ ಇಲ್ಲವೋ ಎಂಬುದೇ ಅನುಮಾನವಿದ್ದ ಹುಡುಗ. 60–55 ಇದ್ದದ್ದನ್ನು ಎರಡು ಲೇಅಪ್‌ಗಳಿಂದ (ರಿಂಗ್‌ನ ಹತ್ತಿರದ ಎಸೆತ) 60–59ಕ್ಕೆ ತಂದವನೂ ಅವನೇ.

ಸ್ಕ್ರೀನ್ ಹಾಕುವವನು ನಿಂತಿರಬೇಕು. ಓಡುತ್ತಿರುವ ಎದುರಾಳಿಗೆ ನಿಲ್ಲಲು ಇಲ್ಲವೇ ತಿರುಗಲು ಒಂದೆರಡು ಹೆಜ್ಜೆಯ ಜಾಗ ಬಿಟ್ಟಿರಬೇಕು. ಅಷ್ಟು ಬಿಟ್ಟಿದ್ದರೆ ಡಿಕ್ಕಿ ಎಷ್ಟೇ ಜೋರಾಗಿದ್ದರೂ ಅದು ಫೌಲ್ ಅಲ್ಲ. ಡಿಕ್ಕಿಯ ಸದ್ದು ಕೇಳಿ ಸೀಟಿ ಊದುವವನು ಒಳ್ಳೆಯ ರೆಫರಿಯಲ್ಲ. ಸಿಂಗ್ಲರ್‌ನ ಕಣ್ಣು ಪೂರ್ತಿ ಹೇವರ್ಡ್ ಮೇಲಿತ್ತು, ಎದುರಿಗೆ ಬರುವುದನ್ನು ಅವನು ನೋಡಲೇ ಇಲ್ಲ. ಹೊವಾರ್ಡ್ ಬಿಟ್ಟ ಜಾಗ ಸಾಕಷ್ಟಿತ್ತೇ ಎಂಬ ಬಗ್ಗೆ ಇಬ್ಬರು ಪ್ರಾಮಾಣಿಕ ರೆಫರಿಗಳು ಎರಡು ಉತ್ತರ ಕೊಡಬಹುದು. ನಾನು ಅಲ್ಲಿದ್ದಿದ್ದರೆ ಊದುತ್ತಿರಲಿಲ್ಲ. ಚಾಂಪಿಯನ್‌ಷಿಪ್‌ನ ಕೊನೆಯ ಸೆಕೆಂಡ್‌ನಲ್ಲಿ ಸೀಟಿ ಊದಬೇಕಾದರೆ ತಪ್ಪು ನಿಸ್ಸಂದೇಹವಾಗಿ ಕಾಣಬೇಕು.

ಡರ್ಹಮ್‌ನ ನೀಲಿ

ಚೆಂಡು ಬಿದ್ದಿದ್ದರೆ ಈ ಚರ್ಚೆಯೆಲ್ಲ ಆ ಸ್ಕ್ರೀನ್ ಮೇಲೇ ನಡೆಯುತ್ತಿತ್ತು. ನಾನೇ ಇಂದಿಗೂ ಅದನ್ನು ಫೌಲ್ ಎಂದು ಕೂಗುತ್ತಿದ್ದೆ. ಬೀಳಲಿಲ್ಲವಾದ್ದರಿಂದ ಅದೊಂದು ಅಪ್ಪಟ ಸ್ಕ್ರೀನ್ ಎಂದು ಮೆಚ್ಚಲು ಸಾಧ್ಯವಾಗಿದೆ. ಗೆದ್ದವರಿಗೆ ಉದಾರತೆ ಸುಲಭ, ಅದು ಗೊತ್ತು.

ನಮ್ಮ ತಂಡದ ಬಗ್ಗೆ ಒಂದು ಸತ್ಯವನ್ನೂ ಹೇಳಬೇಕು. ಕೊನೆಯ ಮೂರು ನಿಮಿಷಗಳಲ್ಲಿ ಡ್ಯೂಕ್ ಗಳಿಸಿದ್ದು ಜೂಬೆಕ್‌ನ ಆ ಒಂದು ಫ್ರೀ ಥ್ರೋ ಮಾತ್ರ. ಬಟ್ಲರ್‌ನ ರಕ್ಷಣೆ ಅಷ್ಟು ಬಿಗಿಯಾಗಿತ್ತು. ಇಡೀ ಪಂದ್ಯದಲ್ಲಿ ಯಾರ ಮುನ್ನಡೆಯೂ ಆರು ಅಂಕ ದಾಟಲಿಲ್ಲ, ಮಧ್ಯಂತರದಲ್ಲಿ 33–32. ಬಟ್ಲರ್‌ನ ಏವರಿ ಜೂಕ್ಸ್ ಬೆಂಚಿನಿಂದ ಎದ್ದು ಬಂದು ಮೊದಲಾರ್ಧದಲ್ಲೇ 10 ಅಂಕ ಹಾಕಿದಾಗ ನನ್ನ ಕೈ ತಣ್ಣಗಾಗಿತ್ತು. ಅವನ ಹೆಸರನ್ನು ಯಾರೂ ಈಗ ಎತ್ತುವುದಿಲ್ಲ, ಅದು ನನಗೆ ನೋವಿನ ಸಂಗತಿ.

ಪಾಯಿಂಟ್ ಗಾರ್ಡ್

ಬೇಸ್‌ಲೈನ್ ಅವರ ಮೂಲ ಮಾತಿಗೆ ಮರಳೋಣ. ಆ ವಾಲು ಎಸೆತ ತಪ್ಪು ಆಯ್ಕೆಯೇ? ನಾನು ಹಾಗೆ ಹೇಳಲಾರೆ.

ಕಳೆದುಹೋದ ಅವಕಾಶ ಹೇಗಿರುತ್ತದೆಂದು ನೋಡಬೇಕಾದರೆ 2025ರ ಫೈನಲ್ ನೋಡಿ. ಫ್ಲಾರಿಡಾ 65, ಹ್ಯೂಸ್ಟನ್ 63. ಹ್ಯೂಸ್ಟನ್‌ಗೆ ಕೊನೆಯ ಚೆಂಡು. ಇಮ್ಯಾನುಯೆಲ್ ಶಾರ್ಪ್ ಮೂರು ಅಂಕದ ಎಸೆತಕ್ಕೆ ಎದ್ದ, ಫ್ಲಾರಿಡಾದ ವಾಲ್ಟರ್ ಕ್ಲೇಟನ್ ಜೂನಿಯರ್ ಹಾರಿ ಅವನ ಮೇಲೆ ಬಂದ. ಎಸೆದರೆ ತಡೆಯುತ್ತಾನೆ ಎಂದು ಶಾರ್ಪ್ ಚೆಂಡನ್ನು ಗಾಳಿಯಲ್ಲೇ ಕೈಬಿಟ್ಟ. ತಾನೇ ಮುಟ್ಟಿದರೆ ಟ್ರಾವೆಲಿಂಗ್ ಎಂಬ ನಿಯಮಭಂಗ. ಕಣ್ಣೆದುರೇ ಪುಟಿಯುತ್ತಿರುವ ಚೆಂಡನ್ನು ನೋಡುತ್ತಾ ನಿಲ್ಲುವುದಲ್ಲದೆ ಬೇರೆ ದಾರಿ ಇರಲಿಲ್ಲ. ಪಂದ್ಯದಲ್ಲಿ 12 ಅಂಕ ಮುಂದಿದ್ದ ತಂಡ ಕೊನೆಯಲ್ಲಿ ರಿಂಗ್ ಕಡೆಗೆ ಚೆಂಡನ್ನೇ ಎಸೆಯದೆ ಸೋತಿತು. ಅದು ಕೈತಪ್ಪಿದ ಅವಕಾಶ.

ಹೇವರ್ಡ್ ತನ್ನ ಮುಂದಿದ್ದವನನ್ನು ದಾಟಿದ, ರಿಂಗ್ ಹತ್ತಿರ ಬಂದ, ತನ್ನ ಎತ್ತರಕ್ಕೆ ಎಸೆಯಬಹುದಾದ ಎಸೆತ ಎಸೆದ. ಜೂಬೆಕ್‌ನ ಎದೆಗೆ ನುಗ್ಗಿದ್ದರೆ ಫೌಲ್ ಸಿಗುತ್ತಿತ್ತು ಎನ್ನುವ ಖಾತ್ರಿ ಎಲ್ಲಿದೆ? ಡರ್ಹಮ್‌ನ ನೀಲಿ ಅವರೇ ಬರೆದಿದ್ದಾರೆ: ಕೈ ನೇರ ಮೇಲಕ್ಕೆ, ದೇಹ ನೆಟ್ಟಗೆ. ಅಲ್ಲಿಗೆ ನುಗ್ಗಿದ್ದರೆ ಚಾರ್ಜ್, ಅಂದರೆ ನುಗ್ಗಿದವನದೇ ಫೌಲ್, ಆಗುವ ಅಪಾಯವೂ ಇತ್ತು.

ಸೀಟಿ

ಅದು ನಿಜ. ಆ ಸ್ಥಿತಿಯಲ್ಲಿ ನೆಟ್ಟಗೆ ನಿಂತ ರಕ್ಷಕನ ಪರವಾಗಿಯೇ ತೀರ್ಪು ಹೋಗುತ್ತದೆ.

ಬೇಸ್‌ಲೈನ್

ರಾತ್ರಿ ಕುಳಿತು ಆ ಹತ್ತು ಸೆಕೆಂಡನ್ನು ಚೌಕಟ್ಟು ಚೌಕಟ್ಟಾಗಿ ಮುಂದೆ ಸರಿಸುತ್ತಾ ನೋಡಿದೆ. ಪಾಯಿಂಟ್ ಗಾರ್ಡ್ ಅವರ ಮಾತಿನಲ್ಲಿ ಹುರುಳಿದೆ. ಹೇವರ್ಡ್ ಕಾಲು ನೆಲ ಬಿಡುವ ಹೊತ್ತಿಗೆ ಎದುರಿಗೆ ಗೋಡೆ ಎದ್ದಾಗಿತ್ತು. ‘ತಪ್ಪು ಆಯ್ಕೆ’ ಎನ್ನುವ ಅರ್ಥ ನನ್ನ ಮೊದಲ ಬರಹದಲ್ಲಿ ಬಂದಿದ್ದರೆ ಹಿಂತೆಗೆದುಕೊಳ್ಳುತ್ತೇನೆ. ಜೂಬೆಕ್ ಗೆಲ್ಲಿಸಿದ ಎಂಬ ಓದನ್ನೂ ಒಪ್ಪುತ್ತೇನೆ. ಆದರೆ ಫೈನಲ್ ತೀರ್ಮಾನವಾದದ್ದು ಅಲ್ಲೇ ಎಂಬ ಮಾತನ್ನು ಬಿಡುವುದಿಲ್ಲ.

ಎರಡನೆಯ ಫ್ರೀ ಥ್ರೋ ಬಗ್ಗೆ ನನ್ನ ನಿಲುವು ಬದಲಾಗಿದೆ. ಇಷ್ಟು ವರ್ಷ ಅದು ದುಡುಕು ಎಂದುಕೊಂಡಿದ್ದೆ. 1992ರ ಆ ಪಾಸ್ ಅನ್ನು ಇದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಗಣಿತದ ಮೇಷ್ಟ್ರು

ನನ್ನದು ಬದಲಾಗಿಲ್ಲ. ಆ ಎಸೆತ ರಿಂಗ್‌ಗೆ ತಾಗುವಷ್ಟು ಹತ್ತಿರ ಹೋಯಿತಲ್ಲ, ನನ್ನ ವಾದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹೊಸ ವೀಕ್ಷಕಿ

ಆಮೇಲೆ ಅವರೆಲ್ಲ ಏನಾದರು?

ಮೇಲಿನ ಗ್ಯಾಲರಿ

ಹೇವರ್ಡ್ ಅದೇ ವರ್ಷ ವೃತ್ತಿಪರ ಲೀಗ್ ಎನ್‌ಬಿಎಗೆ ಹೋದ, ಒಂಬತ್ತನೆಯ ಆಯ್ಕೆಯಾಗಿ ಯೂಟಾ ಜಾಝ್‌ಗೆ. ಬಟ್ಲರ್ ಅವನಿಲ್ಲದೆಯೂ ಮರುವರ್ಷ ಮತ್ತೆ ಫೈನಲ್ ತಲುಪಿತು. ಕನೆಕ್ಟಿಕಟ್ ವಿರುದ್ಧ 53–41ರಿಂದ ಸೋತಿತು. 64 ಎಸೆತಗಳಲ್ಲಿ 12 ಮಾತ್ರ ಬಿದ್ದವು, ನೋಡುವುದಕ್ಕೇ ಸಂಕಟವಾಗಿತ್ತು. ಸ್ಟೀವನ್ಸ್ 2013ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಕೋಚ್ ಆದರು. 2017ರಲ್ಲಿ ಹೇವರ್ಡ್ ಅದೇ ತಂಡಕ್ಕೆ ಬಂದು ಮತ್ತೆ ಅವರ ಕೈಕೆಳಗೆ ಆಡಿದ. ಶಶೆಫ್‌ಸ್ಕಿಗೆ ಅದು ನಾಲ್ಕನೆಯ ಪ್ರಶಸ್ತಿ, 2015ರಲ್ಲಿ ಐದನೆಯದೂ ಬಂತು. ಅವರು 2022ರಲ್ಲಿ ನಿವೃತ್ತರಾದಾಗ ಆ ಕುರ್ಚಿಗೆ ಬಂದವರು ಆ ರಾತ್ರಿ 15 ಅಂಕ ಹಾಕಿದ್ದ ಶೈಯರ್.

ಪಂದ್ಯ ಮುಗಿದ ಮೇಲೆ ನಾವು ತುಂಬಾ ಹೊತ್ತು ಹೊರಡಲಿಲ್ಲ. ಮೇಲಿನ ದೊಡ್ಡ ಪರದೆಯಲ್ಲಿ ಆ ಎಸೆತವನ್ನು ಮತ್ತೆ ತೋರಿಸಿದಾಗ, ಫಲಿತಾಂಶ ಗೊತ್ತಿದ್ದೂ, ನಮ್ಮ ಸಾಲಿನವರೆಲ್ಲ ಇನ್ನೊಮ್ಮೆ ಎದ್ದು ನಿಂತರು.